ಬಯಲಿಗೆ ಕಟ್ಟಿದ ತಟ್ಟಿ

ಹಳಿಯಾಳದ ಪಿಂಜಾರ ಓಣಿಯಲ್ಲಿ ಮನೆ ಕಟ್ಟಿಸಿದ ಹಿರಿಯರಿಗೆ, ಮನೆಯೊಳಗೆ ಮನುಷ್ಯರೂ ಇರಬೇಕಾಗುತ್ತದೆ ಎಂಬ ಅಂದಾಜು ಇದ್ದಂತಿರಲಿಲ್ಲ. ಒಬ್ಬರು ಒಲೆಯ ಮುಂದೆ ಕೂತರೆ ಇನ್ನೊಬ್ಬರು ಅವರನ್ನು ದಾಟಿಯೇ ಹೋಗಬೇಕು. ನೆಂಟರು ಒಳಗೆ ಬಂದರೆ ಮನೆಯವರು ಹೊರಗೆ ನಿಲ್ಲಬೇಕು. ಆದರೂ ಓಣಿಯವರು ಇಕ್ಕಟ್ಟೆಂದು ಗೊಣಗಿದವರಲ್ಲ. ಓಣಿಯ ಬೆನ್ನಿಗೆ ಹುಣಸೆ ಬಯಲಿತ್ತು. ಸರ್ಕಾರದ ಬಯಲು, ಅಂದರೆ ಯಾರದೂ ಅಲ್ಲ, ಅಂದರೆ ಎಲ್ಲರದು. ಅಂಚಿಗೆ ಹಳೆಯ ಹುಣಸೆ ಮರಗಳ ಸಾಲು, ನಡುವೆ ಸಪಾಟು ನೆಲ, ಮೂಲೆಯಲ್ಲಿ ದನಗಳಿಗೆ ನೀರಿನ ಕಲ್ಲುದೋಣಿ. ಹಪ್ಪಳ ಒಣಗುವುದು ಅಲ್ಲಿ, ಹುಡುಗರ ಚಿಣಿಫಣಿ ಆಟ ಅಲ್ಲಿ, ಮದುವೆಯ ಊಟ ಅಲ್ಲಿ, ಜಗಳ ಮಾಡಿದ ಗಂಡಸರು ಮುಖ ಊದಿಸಿಕೊಂಡು ಮಲಗುವುದೂ ಅಲ್ಲೇ. ಸಂತೆಯ ದಿನ ಕಾಡಿನ ಹಳ್ಳಿಗಳಿಂದ ಸೌದೆ, ಎಲೆ, ಜೇನು ಹೊತ್ತು ಬರುವ ಸಿದ್ದಿ ಹೆಂಗಸರು ಆ ನೆರಳಲ್ಲಿ ಹೊರೆ ಇಳಿಸಿ, ಬುತ್ತಿ ಬಿಚ್ಚಿ, ಕಾಲು ಚಾಚಿ ಕೂತ ಮೇಲೆಯೇ ಪೇಟೆಯ ಕಡೆ ಮುಖ ಮಾಡುತ್ತಿದ್ದರು.

ಸಾಲಿನ ಮೊದಲ ಮರದ ಕೆಳಗೆ ಜಮಾಲಸಾಬ ಹತ್ತಿ ಹಿಂಜುತ್ತಿದ್ದ. ಅವನ ಅಪ್ಪನೂ ಅಲ್ಲೇ ಹಿಂಜಿದವನು. ಕೊಂಬೆಗೆ ಹಗ್ಗ ಹಾಕಿ ಬಿಲ್ಲು ತೂಗುಬಿಟ್ಟು ಮರದ ಕೊಡತಿಯಿಂದ ಅದರ ಬಿಗಿದ ನಾರಿಯನ್ನು ಮೀಟಿದನೆಂದರೆ, ಹಳೆಯ ಗಾದಿಯ ಗಂಟುಗಟ್ಟಿದ ಹತ್ತಿ ಬಿಡಿಬಿಡಿಯಾಗಿ ನೊರೆಯ ಹಾಗೆ ಏಳುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಮ್ಮೆ ಮಾತ್ರ ಅವನು ಮನೆಯೊಳಗೆ ಹಿಂಜಿದ್ದ. ಅಂದು ರೊಟ್ಟಿಯಲ್ಲಿ ಎಳೆ, ಸಾರಿನಲ್ಲಿ ಎಳೆ, ಹೊಸ ಹೆಂಡತಿ ಅಮೀರುನ್ನಿಸಾಳ ಮೂಗಿನಲ್ಲೂ ಎಳೆ. “ಇನ್ನೊಮ್ಮೆ ಹತ್ತಿ ಈ ಹೊಸ್ತಿಲ ದಾಟಿ ಒಳಗ ಬಂದ್ರ, ನಾ ದಾಟಿ ಹೊರಗ ಹೋಗ್ತೇನಿ” ಎಂದು ಆಕೆ ಅವತ್ತೇ ಹೇಳಿಬಿಟ್ಟಿದ್ದಳು. ಜಮಾಲಸಾಬ ಹೆಂಡತಿಯ ಮಾತನ್ನು ಮೀರಿದ ಗಂಡಸಲ್ಲ. ಮೀರಬೇಕಾದ ಅಗತ್ಯವೂ ಬೀಳಲಿಲ್ಲ, ಬಯಲಿತ್ತಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಊರಲ್ಲಿ ಅಕ್ಕಿ ಸಿಗದಾಯಿತು, ಚಿಮಣಿ ಎಣ್ಣೆ ಸಿಗದಾಯಿತು, ಬಟ್ಟೆ ಕಂಟ್ರೋಲಿಗೆ ಬಿತ್ತು. ಆದರೆ ಕಟ್ಟಿಗೆಗೆ ಮಾತ್ರ ಕಾಲು ಬಂತು. ದಾಂಡೇಲಿ ಕಾಡಿನ ಸಾಗವಾನಿ ಲಾರಿಲಾರಿ ಹೊರಟಿತು, ಅದರ ಸಂಗಡ ಕಟ್ಟಿಗೆಯ ಗುತ್ತಿಗೆ ಹಿಡಿದಿದ್ದ ನಬೀಸಾಬ ಠೇಕೇದಾರರ ದೆಸೆಯೂ ತೆರೆಯಿತು. ನಬೀಸಾಬರು ಜಮಾತಿನ ಹಿರಿಯರು, ಮೆತ್ತಗೆ ಮಾತಾಡುವವರು, ಸಿಕ್ಕವರಿಗೆಲ್ಲ ತಾವೇ ಮೊದಲು ಸಲಾಮು ಹೇಳುವವರು. ಅವರಿಗೆ ರಸ್ತೆಯ ಮಗ್ಗುಲಲ್ಲಿ ಕಟ್ಟಿಗೆ ಕೊರೆಯುವ ಮಿಲ್ಲು ಹಾಕಲು ಒಂದು ಸಪಾಟು ಜಾಗ ಬೇಕಾಗಿತ್ತು. ಹುಣಸೆ ಬಯಲು ತಮಗೆ ಕೊಡಬೇಕೆಂದು ಅವರು ಸರ್ಕಾರಕ್ಕೆ ಬರೆದುಕೊಂಡ ಸುದ್ದಿ ಓಣಿಗೆ ತಲುಪಿದ ದಿನ, ಬಳೆಗಾರ ನಾಗಲಿಂಗಪ್ಪ ಓಣಿಯ ಪರವಾಗಿ ಒಂದು ತಕರಾರು ಅರ್ಜಿ ಬರೆದ. ಅದಕ್ಕೆ ಮೊದಲ ಹೆಬ್ಬೆಟ್ಟು ಒತ್ತಿದವನು ಜಮಾಲಸಾಬ.

ಹೆಬ್ಬೆಟ್ಟಿನ ಮಸಿ ಆರುವ ಮೊದಲೇ ಮನೆಯಲ್ಲಿ ಜಗಳ ಹತ್ತಿತು. ಮಗ ವಜೀರ ಅದೇ ನಬೀಸಾಬರ ಇದ್ದಿಲು ಗ್ಯಾಸಿನಿಂದ ಓಡುವ ಲಾರಿಗಳಿಗೆ ಮೇಸ್ತ್ರಿ. ಮನೆಯ ಒಲೆ ಉರಿಯುವುದು ಅವನ ಪಗಾರದಿಂದ. ಜಮಾಲಸಾಬನ ಬಿಲ್ಲಿನಿಂದ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

“ನಿನ್ನ ಹೆಬ್ಬಟ್ಟು ಒತ್ತಾಕ ಬ್ಯಾರೆ ಎಲ್ಲೂ ಜಾಗಾ ಸಿಗಲಿಲ್ಲೇನಪಾ?” ಎಂದ ವಜೀರ, ಕೈಯಲ್ಲಿ ರೊಟ್ಟಿ ಹಿಡಿದೇ. “ಇವತ್ತ ಠೇಕೇದಾರರ ಮುನೀಮ ನನ್ನ ಮಾರಿ ನೋಡಿ ನಕ್ಕ. ಏನೂ ಅನ್ಲಿಲ್ಲ, ನಕ್ಕ ಅಷ್ಟ.”

“ನಕ್ಕರ ನಗಲಿ. ಹಲ್ಲು ಅವನ್ವು.”

“ಅನ್ನ ಅವರದು!”

“ಅನ್ನ ನೀ ದುಡದದ್ದು,” ಎಂದ ಜಮಾಲಸಾಬ. “ಲಾರಿ ರಿಪೇರಿ ಮಾಡ್ತಿ, ಪಗಾರ ಕೊಡ್ತಾರ. ಬಯಲನ್ಯಾಕ ಕೊಡಬೇಕು ಅವರಿಗೆ? ಅದನ್ನೇನು ನೀ ರಿಪೇರಿ ಮಾಡೀಯೇನು?”

ಸೊಸೆ ನಸೀರಾ ನಗು ತಡೆಯಲಾರದೆ ಮಗುವಿನ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಂಡಳು. ಅಮೀರುನ್ನಿಸಾ ಗಂಡನ ತಾಟಿಗೆ ಹುಣಸೆಕಾಯಿ ತೊಕ್ಕು ಬಡಿಸಿ, ಮಗನ ತಾಟಿಗೂ ಅಷ್ಟೇ ಬಡಿಸಿ, “ಇಬ್ಬರೂ ಬಾಯಿಗೆ ಇದನ್ನ ಹಾಕ್ಕೋರಿ, ಮಾತು ನಿಲ್ಲತಾವ” ಎಂದಳು. ತೊಕ್ಕು ಬಯಲಿನ ಮರದ್ದೇ. ಮಾತು ನಿಂತವು, ಜಗಳ ನಿಲ್ಲಲಿಲ್ಲ. ಅವತ್ತಿನಿಂದ ಅಪ್ಪ ಮಗ ಒಟ್ಟಿಗೆ ಊಟಕ್ಕೆ ಕೂರುವುದು ತಪ್ಪಿತು. ಒಂದೇ ಒಲೆಯ ಮುಂದೆ ಆಕೆ ದಿನವೂ ಎರಡು ಸರ್ತಿ ಬಡಿಸತೊಡಗಿದಳು.

ಅಮೀರುನ್ನಿಸಾಳಿಗೂ ಬಯಲು ಬೇಕು. ಆದರೆ ಆ ದಿನಗಳಲ್ಲಿ ಆಕೆಯ ತಲೆಯ ತುಂಬ ಮಗಳು ದಿಲಶಾದಳ ಮದುವೆಯೇ ತುಂಬಿತ್ತು. ಅಳ್ನಾವರದ ಅರಿವೆ ಅಂಗಡಿಯವರ ಮನೆತನ ಗೊತ್ತಾಗಿತ್ತು. ಹತ್ತಿ ಹಿಂಜುವವನ ಮಗಳಿಗೆ ಅಂಗಡಿಯವರ ಮನೆ! ಆಕೆಗೆ ನೆಲ ಕಾಣುತ್ತಿರಲಿಲ್ಲ. ಒಂದೇ ತೊಡಕೆಂದರೆ ಅವರು ಗೋಷಾ ಮನೆತನದವರು, ಅವರ ಹೆಂಗಸರು ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಪಿಂಜಾರ ಓಣಿಯ ಹೆಂಗಸರಿಗೆ ಗೋಷಾ ಎಂದರೆ ಕೇಳಿ ಗೊತ್ತಿದ್ದ ಮಾತು ಅಷ್ಟೇ. ಸೆರಗು ತಲೆಯ ಮೇಲೆ ಎಳೆದುಕೊಂಡು ಸಂತೆಗೂ ಹೋಗುವವರು, ಬಾವಿಗೂ ಹೋಗುವವರು, ಬೇಕಾದರೆ ದಾರಿಯಲ್ಲಿ ನಿಂತು ಬೈಯುವವರು.

ಮದುವೆ ಹತ್ತಿರ ಬಂದಾಗ ಬೀಗರ ಕಡೆಯಿಂದ ಹೇಳಿಕೆ ಬಂತು. ಹೆಂಗಸರ ಊಟಕ್ಕೆ ಗೋಷಾ ಬಂದೋಬಸ್ತ್ ಇದ್ದರೆ ಎಲ್ಲರೂ ಬರುತ್ತಾರೆ, ಇಲ್ಲದಿದ್ದರೆ ಗಂಡಸರಷ್ಟೇ ಬಂದು ನಿಕಾ ಮುಗಿಸಿಕೊಂಡು ಹೋಗುತ್ತಾರೆ.

“ಹೆಂಗಸರು ಬರದ ಮದುವಿ ಅಂದ್ರ ಏನು ಮದುವಿ?” ಎಂದು ಅಮೀರುನ್ನಿಸಾ ಕಣ್ಣೀರು ತೆಗೆದಳು. “ನಾಳೆ ನನ್ನ ಮಗಳಿಗೆ ಮಾತು ಅಂತಾರ. ನಿನ್ನ ತವರಿನಾಗ ನಮಗ ಒಂದು ಪರದೆ ಸೈತ ಕಟ್ಟಲಿಲ್ಲ ಅಂತಾರ.”

“ಪರದೆಕ್ಕ ಅರಿವಿ ಎಲ್ಲಿಂದ ತರೂಣು?” ಎಂದ ಜಮಾಲಸಾಬ. “ಹೆಣಕ್ಕ ಹೊದಸಾಕ ಅರಿವಿ ಸಿಗೂದಿಲ್ಲ ಈಗ.”

ಮಾತು ಅಲ್ಲಿಗೆ ನಿಲ್ಲಬೇಕಿತ್ತು. ವಜೀರ ಬಾಗಿಲಲ್ಲಿ ಬೂಟು ಕಳಚುತ್ತ, “ಅರಿವಿ ಯಾಕ? ಬಿದರಿನ ತಟ್ಟಿ ಆದ್ರ ಆಗೂದಿಲ್ಲೇನು? ಠೇಕೇದಾರರ ಕಟ್ಟಿಗಿ ವಖಾರಿನಾಗ ರಗಡ ಅದಾವ. ಅವ್ವ ಹೋಗಿ ಒಂದ ಮಾತು ಕೇಳಿದ್ರ ಅವರು ಇಲ್ಲ ಅನ್ನೂದಿಲ್ಲ” ಎಂದ.

ಜಮಾಲಸಾಬ ಮಗನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. ಆಕೆಯ ಮುಖದಲ್ಲಿ ಆಸೆ ಹೊತ್ತಿಕೊಂಡಿದ್ದು ಅವನಿಗೆ ಕಾಣಿಸಿತು. ಹೆಣ್ಣು ಹೆತ್ತ ತಾಯಿಯ ಆಸೆಗೆ ನೀರು ಹಾಕುವ ಗಟ್ಟಿತನ ಅವನಿಗಿರಲಿಲ್ಲ.

“ತೊಗೊಂಬಾ,” ಎಂದ ಕೊನೆಗೆ. “ಆದ್ರ ಮದುವಿ ಮರುದಿನ ನಾನ ಬಿಚ್ಚಿ, ನಾನ ಹೊತಗೊಂಡು ಹೋಗಿ ಅವರ ಅಂಗಳದಾಗ ಒಗದು ಬರ್ತೇನಿ.”

ಅಮೀರುನ್ನಿಸಾ ಸೊಸೆಯನ್ನು ಕರೆದುಕೊಂಡು ನಬೀಸಾಬರ ಮನೆಗೆ ಹೋದಳು. ನಬೀಸಾಬರು ಆಕೆಯನ್ನು ಚಾಪೆಯ ಮೇಲೆ ಕೂರಿಸಿ, ಶರಬತ್ತು ಕೊಡಿಸಿ, ಮಾತು ಮುಗಿಯುವ ಮೊದಲೇ ತಲೆಯಾಡಿಸಿದರು. “ದಿಲಶಾದ ನಿಮ್ಮ ಮಗಳಷ್ಟ ಏನು? ಜಮಾತಿನ ಮಗಳು. ನಮ್ಮ ಆಳುಗಳು ಬಂದು ಕಟ್ತಾರ. ನೀವು ಕೈ ಹಚ್ಚಬ್ಯಾಡ್ರಿ.” ಅರ್ಜಿಯ ಸುದ್ದಿಯನ್ನೇ ಎತ್ತಲಿಲ್ಲ. ದಾರಿಯುದ್ದಕ್ಕೂ ಅಮೀರುನ್ನಿಸಾ ಅವರ ದೊಡ್ಡ ಮನಸ್ಸನ್ನು ಹೊಗಳಿದಳು. ನಸೀರಾ ಮಾತ್ರ, “ಶರಬತ್ತಿಗೆ ಸಕ್ಕರಿ ಭಾಳ ಇತ್ರೀ ಅತ್ತಿ” ಎಂದಳು. ಸಕ್ಕರೆ ಚಮಚೆಯ ಲೆಕ್ಕದಲ್ಲಿ ಸಿಗುತ್ತಿದ್ದ ಕಾಲ ಅದು.

ಆಳುಗಳು ಬಂದು, ಬಯಲಿನ ಒಂದು ಮೂಲೆಗೆ ಅಲ್ಲ, ಬಯಲಿಗೆ ಬಯಲನ್ನೇ ಸುತ್ತುಹಾಕಿ ಗೂಟ ನೆಟ್ಟು ತಟ್ಟಿ ಕಟ್ಟಿದರು. ಮದುವೆ ಏನು ಚಂದ ಆಯಿತೆಂದು ಹೇಳುವುದು! ಅಳ್ನಾವರದ ಹೆಂಗಸರು ಬಸ್ಸಿನಿಂದ ಇಳಿದು ತಟ್ಟಿಯೊಳಗೆ ಹೊಕ್ಕವರು ಬುರ್ಖಾ ತೆಗೆದಿಟ್ಟು, ಹುಣಸೆ ನೆರಳಲ್ಲಿ ಗಾಳಿಗೆ ಮುಖ ಒಡ್ಡಿ ಕೂತರು. “ಇಷ್ಟ ಬಯಲು ನಮಗ ಎಂದೂ ಸಿಕ್ಕಿಲ್ಲರೀ” ಎಂದು ದಿಲಶಾದಳ ಅತ್ತೆ ಹೇಳಿದಾಗ ಅಮೀರುನ್ನಿಸಾಳ ಎದೆ ಉಬ್ಬಿತು. ನೆರೆಮನೆಯ ಮಹಾದೇವಕ್ಕ, ಅಂದರೆ ನಾಗಲಿಂಗಪ್ಪನ ಹೆಂಡತಿ, ಅಡುಗೆ ಮುಟ್ಟದೆ ಎಲೆ ಅಡಿಕೆ ಹಂಚುತ್ತ ನಿಂತಿದ್ದವಳು, “ನಿನ್ನ ಮಗಳ ಮದುವಿ ನೆವದಾಗ ನಾವೂ ರಾಣೀವಾಸ ಕಂಡ್ವಿ ನೋಡು” ಎಂದು ಚುಡಾಯಿಸಿದಳು.

ಮರುದಿನ ಬೆಳಿಗ್ಗೆ ಜಮಾಲಸಾಬ ಕುಡುಗೋಲು ಹಿಡಿದು ಹಿತ್ತಲ ಬಾಗಿಲಿಗೆ ಬಂದ. ತಟ್ಟಿಯ ಹಗ್ಗ ಕೊಯ್ಯಲು.

“ತಡೀರಿ,” ಎಂದಳು ಅಮೀರುನ್ನಿಸಾ. “ಜುಮ್ಮಗಿ ಇಲ್ಲೇನು?”

ಮದುವೆಯ ನಂತರ ಐದು ಶುಕ್ರವಾರ ಮಗಳು ಅಳಿಯನನ್ನು, ಅವರ ಕಡೆಯವರನ್ನು ಕರೆದು ಉಣ್ಣಿಸುವುದು ಜುಮ್ಮಗಿ. ಬಿಟ್ಟರೆ ಮಗಳ ಮರ್ಯಾದೆ ಹೋಗುತ್ತದೆ. “ಅವರ ಹೆಂಗಸರು ಐದೂ ಸಲ ಬರ್ತಾರ. ಪ್ರತಿ ಸಲ ಹೋಗಿ ತಟ್ಟಿ ಬೇಡೂಣೇನು? ಐದು ಶುಕ್ರವಾರ ಇರ್ಲಿ. ಆಮ್ಯಾಲೆ ಬಿಚ್ಚರಿ, ನಾನೂ ಬಂದು ಹೊರ್ತೇನಿ.”

ಜಮಾಲಸಾಬ ಕುಡುಗೋಲನ್ನು ಕೈಯಲ್ಲಿ ತಿರುಗಿಸಿದ. “ನಾ ಮಾತು ಕೊಟ್ಟೇನಿ,” ಎಂದ.

“ಯಾರಿಗೆ ಕೊಟ್ಟೀರಿ?”

“ನನಗ.”

“ನಿಮಗ ಕೊಟ್ಟಿದ್ರ ನೀವ ಮಾಫಿ ಮಾಡ್ಕೋರಿ,” ಎಂದು ಆಕೆ ನಕ್ಕಳು. ಅವನೂ ನಕ್ಕ. ಕುಡುಗೋಲನ್ನು ಮತ್ತೆ ಸೂರಿಗೆ ಸಿಕ್ಕಿಸಿದ. ಎಷ್ಟು ಸಣ್ಣ ಮಾತು! ಓಣಿಯಲ್ಲಿ ದಿನ ಬೆಳಗಾದರೆ ಇಂಥ ನೂರು ಮಾತು ಆಗುತ್ತವೆ, ಸಂಜೆಗೆ ಮರೆತುಹೋಗುತ್ತವೆ.

ಮೊದಲ ಜುಮ್ಮಗಿಗೆ ಅಮೀರುನ್ನಿಸಾ ಎಲ್ಲಿಂದಲೋ ಅಕ್ಕಿ ಹೊಂದಿಸಿ ಪುಲಾವು, ದಾಲ್ಚಾ ಮಾಡಿದಳು. ಎರಡನೆಯದಕ್ಕೆ ಕೋಳಿ ಕೊಯ್ದರು. ಆ ವಾರ ಜೋರು ಗಾಳಿ ಬೀಸಿ ಎರಡು ತಟ್ಟಿ ಬಿದ್ದವು. ನಬೀಸಾಬರ ಆಳುಗಳು ಕರೆಯದೆಯೇ ಬಂದರು, ಬಿದಿರು ಗೂಟ ಕಿತ್ತು ಸಾಗವಾನಿ ಕಂಬ ಹುಗಿದರು, ಸುತ್ತಲೂ ತಟ್ಟಿಯ ಜಾಗದಲ್ಲೆಲ್ಲ ಹಲಗೆ ಹೊಡೆದರು. ಕೇಳಿದ್ದಕ್ಕೆ, “ಗಾಳಿ ಬೀಗರ ಮಾರಿ ನೋಡೂದಿಲ್ಲಲ್ಲರೀ ಅಮ್ಮಾ” ಎಂದರು. ಆಮೇಲೆ ಹೋಗಿಬರುವ ಸಂದಿಗೆ ಒಂದು ಬಾಗಿಲು ಬಂತು. ರಾತ್ರಿ ಕತ್ತೆಗಳು ನುಗ್ಗಿ ಅಡುಗೆಯ ಜಾಗ ಹೊಲಸು ಮಾಡುತ್ತವೆಂದು ಬಾಗಿಲಿಗೆ ಬೀಗ ಬಂತು. ಬೀಗ ಕಾಯಲು ಕಾಶೀಮ ಬಂದ. ಕಾಶೀಮ ಸಿದ್ದಿಯವನು, ವಖಾರಿನಲ್ಲಿ ದಿಮ್ಮಿ ಎತ್ತಿ ಸೊಂಟ ಹಿಡಿದುಕೊಂಡವನು. ಕೂತು ಮಾಡುವ ಕೆಲಸ ಸಿಕ್ಕಿತೆಂದು ಅವನಿಗೆ ಸಮಾಧಾನ. ಬೆಳಿಗ್ಗೆ ಜಮಾಲಸಾಬ ಬಿಲ್ಲು ಹೊತ್ತು ಬಂದರೆ ಅವನು ಎದ್ದು ಸಲಾಮು ಹೇಳಿ ಬಾಗಿಲು ತೆಗೆಯುತ್ತಿದ್ದ. ಮಹಾದೇವಕ್ಕ ಹಪ್ಪಳದ ಚಾಪೆ ತಂದರೂ ತೆಗೆಯುತ್ತಿದ್ದ. ತಡೆದದ್ದಿಲ್ಲ. ತೆಗೆಯುತ್ತಿದ್ದ, ಅಷ್ಟೇ.

“ಬೀಗ ನನಗ ಸರಿ ಬರೂದಿಲ್ಲ,” ಎಂದ ನಾಗಲಿಂಗಪ್ಪ ಒಂದು ಸಂಜೆ ಜಮಾಲಸಾಬನ ಕಟ್ಟೆಗೆ ಬಂದು.

“ನನಗೂ ಬರೂದಿಲ್ಲ. ಇನ್ನ ಎರಡ ಶುಕ್ರವಾರ. ಆಮ್ಯಾಲೆ ಒಡದ ಹಾಕ್ತೇನಿ.”

“ಮುಂದಿನ ವಾರ ನಮ್ಮ ಅರ್ಜಿ ಸಲುವಾಗಿ ಸರಕಾರಿ ಸಾಹೇಬರು ಜಾಗಾ ನೋಡಾಕ ಬರ್ತಾರಂತ ಸುದ್ದಿ ಐತಿ.”

“ಬರ್ಲಿ ಬಿಡು. ಕಣ್ಣಿಲ್ಲೇನು ಅವರಿಗೆ? ಮರ ಕಾಣ್ತಾವ, ಮಂದಿ ಕಾಣ್ತಾರ. ನಾನು ಕಾಣ್ತೇನಿ ಬಿಲ್ಲು ಹಿಡಕೊಂಡು.”

ಸಾಹೇಬ ಬಂದದ್ದು ನಾಲ್ಕನೆಯ ಜುಮ್ಮಗಿಯ ಹಿಂದಿನ ದಿನ, ಸಂತೆಯ ಹೊತ್ತಿನಲ್ಲಿ. ಟೋಪಿ ಹಾಕಿದ, ಬಿಸಿಲಿಗೆ ಬಳಲಿದ, ನೋಡಿದರೆ ಕೆಟ್ಟವನೆಂದು ಅನ್ನಿಸದ ಮನುಷ್ಯ. ಜೊತೆಗೆ ಒಬ್ಬ ಜವಾನ, ಒಬ್ಬ ಕಾರಕೂನ. ಅವರು ಓಣಿಯಿಂದಲ್ಲ, ರಸ್ತೆಯ ಕಡೆಯಿಂದ ಬಂದರು. ಕಾಶೀಮ ಎದ್ದು, ಸಿದ್ದಿ ಹೆಂಗಸರನ್ನು ಒಳಗೆ ಬಿಟ್ಟ ಮೇಲೆ ಮತ್ತೆ ಹಾಕಿದ್ದ ಬೀಗ ತೆಗೆದ. ಸಾಹೇಬ ಒಳಗೆ ಕಾಲಿಡುವ ಮೊದಲೇ ಹಲಗೆಗಳ ಉದ್ದಕ್ಕೂ ಕಣ್ಣಾಡಿಸಿದ. ಸಾಲಿನ ಕೊನೆಯ ಮರದ ಕೆಳಗೆ ಹೊರೆ ಇಳಿಸಿ ಬುತ್ತಿ ಉಣ್ಣುತ್ತಿದ್ದ, ಪ್ರತಿ ಸಂತೆಗೂ ಸೌದೆ ತರುವ ಸಿದ್ದಿ ಹೆಂಗಸು ಕಾತರಿನಾ ಮತ್ತು ಅವಳ ಊರಿನ ಹೆಂಗಸರು ತಟಕ್ಕನೆ ಎದ್ದು ನಿಂತರು. ಕಾಡಿನವರಿಗೆ ಟೋಪಿ ಕಂಡರೆ ಕಾಲು ತಾವಾಗಿ ಏಳುತ್ತವೆ.

ಓಣಿಯ ಗಂಡಸರೆಲ್ಲ ಸೇರಿದರು. ಹೆಂಗಸರು ಹಿತ್ತಲ ಬಾಗಿಲುಗಳಲ್ಲಿ ನಿಂತರು. ಅಮೀರುನ್ನಿಸಾ ಕೈಯ ಹಿಟ್ಟು ತೊಳೆಯದೆ ಬಂದು ನಿಂತಳು.

“ಈ ಕಂಬ ಯಾರು ಹುಗಿಸ್ಯಾರ?” ಎಂದ ಸಾಹೇಬ.

“ನಬೀಸಾಬ ಠೇಕೇದಾರರು,” ಎಂದ ನಾಗಲಿಂಗಪ್ಪ.

“ಹುಗಸುವಾಗ ನೀವು ಬ್ಯಾಡ ಅಂದ್ರೇನು?”

“ಮದುವಿ ಇತ್ರೀ,” ಎಂದ ಜಮಾಲಸಾಬ ಮೆಲ್ಲಗೆ.

“ಬೀಗದ ಕೈ?”

“ಕಾಶೀಮನ ಹತ್ರ.”

“ನೀವು ಒಳಗ ಬರಬೇಕಾದ್ರ?”

“ಅವ ತಗೀತಾನ್ರಿ. ಯಾರಿಗೂ ಇಲ್ಲ ಅಂದಿಲ್ಲರೀ ಸಾಹೇಬ್ರ, ಪಾಪ.” ಜಮಾಲಸಾಬ ಕಾಶೀಮನಿಗೆ ಕೆಟ್ಟ ಹೆಸರು ಬರಬಾರದೆಂದು ಹೇಳಿದ ಮಾತು ಅದು.

“ಅಂದ್ರ ಅವರ ಪರವಾನಿಗಿ ಮ್ಯಾಲೆ ಬರ್ತೀರಿ.”

“ಪರವಾನಿಗಿ ಎಲ್ಲಿದು ಬಂತ್ರಿ? ನಮ್ಮಪ್ಪ ಇದ ಗಿಡದ ಬುಡಕ ಕುಂತು...”

“ಅದು ಹಿಂದಿಂದಾತು. ನಾ ಈಗಿಂದು ಕೇಳ್ತೇನಿ.” ಸಾಹೇಬ ಬೆವರು ಒರೆಸಿಕೊಂಡ. “ನೀವು ಅರ್ಜಿಯೊಳಗ ಇದು ಎಲ್ಲಾರೂ ಅಡ್ಡಾಡೋ ಮುಕ್ತ ಜಾಗಾ ಅಂತ ಬರದೀರಿ. ಬಂದು ನೋಡಿದ್ರ ಸುತ್ತೂ ಹಲಗಿ ಐತಿ, ಬಾಗಿಲ ಐತಿ, ಬೀಗ ಐತಿ. ಠೇಕೇದಾರರು ದಾಂಡಗಿಯಿಂದ ಹಾಕ್ಯಾರಂದ್ರ ಹೇಳ್ರಿ, ಅದನ್ನೂ ಬರಕೋತೇನಿ.”

ನಾಗಲಿಂಗಪ್ಪ ಬಾಯಿ ತೆರೆದ. ಹೌದು ದಾಂಡಗಿ, ನಾವು ಬೇಡವೆಂದರೂ ಹಾಕಿದರು ಎಂದು ಹೇಳಿಬಿಡುವುದೇ ಅವನ ಎಣಿಕೆ. ಅದು ಅವನ ಮುಖದಲ್ಲಿ ಕಾಣುತ್ತಿತ್ತು. ಆದರೆ ಸುಳ್ಳು ಹೇಳಿ ರೂಢಿಯಿಲ್ಲದವರು ಸುಳ್ಳು ಹೇಳುವ ಮೊದಲು ಒಮ್ಮೆ ಅತ್ತಿತ್ತ ನೋಡುತ್ತಾರೆ. ಅವನು ಜಮಾಲಸಾಬನನ್ನು ನೋಡಿದ. ಜಮಾಲಸಾಬ ನೆಲ ನೋಡಿದ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಅಮೀರುನ್ನಿಸಾ ಮುಂದೆ ಬಂದಳು.

ಆಕೆಯ ಮನಸ್ಸಿನಲ್ಲಿ ಏನಿತ್ತೆಂದರೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಹೇಬನಿಗೆ ತಿಳಿಯುತ್ತದೆ. ಇದು ಬೇಲಿಯಲ್ಲ, ಗೋಷಾಕ್ಕೆ ಕಟ್ಟಿದ ಮರೆ. ಇಷ್ಟು ಸಣ್ಣ ಸಂಗತಿಗೆ ಗಂಡಸರು ಯಾಕೆ ತಿಣುಕುತ್ತಾರೆ?

“ದಾಂಡಗಿ ಏನೂ ಇಲ್ಲರೀ ಸಾಹೇಬ್ರ,” ಎಂದಳು. “ನಾನ ಅವರ ಮನೀಗೆ ಹೋಗಿ ಕೇಳಿದ್ದೆ. ಮಗಳ ಮದುವಿಗೆ, ಹೆಂಗಸರಿಗೆ ಮರೆ ಆಗ್ಲಿ ಅಂತ. ಮದುವಿ ಮರುದಿನ ಇವರು ಬಿಚ್ಚಾಕ ಹೋಗಿದ್ರು, ನಾನ ಬ್ಯಾಡ ಅಂದೆ. ಜುಮ್ಮಗಿ ಮುಗದ ಮ್ಯಾಲೆ ತಗೀತಾರ್ರಿ.”

“ನಿಮ್ಮ ಹೆಸರೇನು ತಾಯಿ?” ಎಂದು ಸಾಹೇಬ ಮರ್ಯಾದೆಯಿಂದಲೇ ಕೇಳಿದ. ಆಕೆ ಹೇಳಿದಳು. ಕಾರಕೂನ ಬರೆದುಕೊಂಡ. ಸಾಹೇಬ ಹೋಗುವಾಗ ಹುಣಸೆ ಮರಗಳನ್ನು ಒಮ್ಮೆ ತಲೆಯೆತ್ತಿ ನೋಡಿ, “ನೆರಳು ಚಲೋ ಐತಿ” ಎಂದ.

ಆ ರಾತ್ರಿಯ ಊಟದಲ್ಲಿ ಜಮಾಲಸಾಬ ತಲೆ ತಗ್ಗಿಸಿ ರೊಟ್ಟಿ ಮುರಿದ. ಬೈದಿದ್ದರೆ ಅಮೀರುನ್ನಿಸಾಳಿಗೆ ಎದೆ ಹಗುರಾಗುತ್ತಿತ್ತು. “ನಾ ಖರೇ ಹೇಳಿದೆ,” ಎಂದಳು ತಾನಾಗಿಯೇ.

“ಹೌದು,” ಎಂದ ಅವನು.

“ಸುಳ್ಳ ಹೇಳಬೇಕಾಗಿತ್ತೇನು?”

“ನಾ ಹಂಗಂದೆನೇನು? ನೀ ಕೇಳಿದ್ದೂ ಖರೇ, ಅವರು ಕಟ್ಟಿದ್ದೂ ಖರೇ, ಕುಡಗೋಲ ನಾ ಸೂರಿಗೆ ಸಿಗಸಿದ್ದೂ ಖರೇ.” ಕೈ ತೊಳೆದುಕೊಂಡು ಎದ್ದ. ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ತಾಟಿನಲ್ಲಿ ಅನ್ನ ಬಿಡುವ ಮನುಷ್ಯನಲ್ಲ ಅವನು.

ನಾಲ್ಕನೆಯ ಜುಮ್ಮಗಿ ಮಾಡಿದ್ದಾಯಿತು. ಉಪ್ಪು ಹೆಚ್ಚಾಯಿತೆಂದು ಯಾರೂ ಹೇಳಲಿಲ್ಲ, ಆದರೆ ಹೆಚ್ಚಾಗಿತ್ತು. ಮುಂದಿನ ವಾರ ನಾಗಲಿಂಗಪ್ಪ ಕಚೇರಿಗೆ ಹೋಗಿ ತಿಳಿದುಕೊಂಡು ಬಂದ. ಬಯಲು ಠೇಕೇದಾರರಿಗೆ ಆಗಿತ್ತು. ಜಾಗ ಆಗಲೇ ಅವರ ಸುಪರ್ದಿಯಲ್ಲಿದೆ, ಓಣಿಯವರು ಅವರ ಪರವಾನಿಗಿಯಿಂದ ಬಂದುಹೋಗುತ್ತಾರೆ, ಒಳಗೆ ಇದ್ದ ಕಾಡಿನ ಹೆಂಗಸರೂ ಬೀಗ ತೆಗೆಸಿಕೊಂಡೇ ಬಂದವರು ಎಂದು ಠರಾವು. ನಾಗಲಿಂಗಪ್ಪ ಇದನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿದ. ಅಮೀರುನ್ನಿಸಾಳ ಹೆಸರು ಮಾತ್ರ ಹೇಳಲಿಲ್ಲ. ಅದೂ ಅದರಲ್ಲಿ ಇದೆಯೆಂದು ಆಕೆಗೆ ಅವನ ಮುಖ ನೋಡಿಯೇ ಗೊತ್ತಾಯಿತು.

“ಮ್ಯಾಲಿನ ಕಚೇರಿಗೆ ಬರದ್ರ?” ಎಂದ ಜಮಾಲಸಾಬ.

“ಬರೀಬಹುದು. ಏನಂತ ಬರೀಲಿ? ನೀನ ಹೇಳು.”

ಜಮಾಲಸಾಬ ಕಟ್ಟೆಯಿಂದ ಎದ್ದು ಒಳಗೆ ಹೋದ.

ಅಮೀರುನ್ನಿಸಾ ನಬೀಸಾಬರ ಮನೆಗೆ ಇನ್ನೊಮ್ಮೆ ಹೋದಳು. ಒಬ್ಬಳೇ, ಯಾರಿಗೂ ಹೇಳದೆ. ಕಾಲಿಗೆ ಬೀಳಲೂ ತಯಾರಾಗಿಯೇ ಹೋಗಿದ್ದಳು. ನಬೀಸಾಬರು ಮತ್ತೆ ಚಾಪೆ ಹಾಸಿಸಿದರು, ಮತ್ತೆ ಶರಬತ್ತು ತರಿಸಿದರು. “ನೀವು ಚಿಂತಿ ಮಾಡಬ್ಯಾಡ್ರಿ. ಕಡೀ ಜುಮ್ಮಗಿ ಆಗೂ ತನಕ ಒಂದ ಗಿಡಕ್ಕೂ ಕೈ ಹಚ್ಚಬಾರದು ಅಂತ ಹೇಳೇನಿ. ಮುಂದೂ ನಿಮಗ ಬೇಕಾದಾಗ ಬರ್ರಿ, ಯಾರು ಬ್ಯಾಡ ಅಂತಾರ? ನಿಮ್ಮ ಸಲುವಾಗೇ ಅಲ್ಲೇನು ಅದು ಆಗಿದ್ದು.” ಅವರ ಮಾತಿನಲ್ಲಿ ಒಂದು ಮುಳ್ಳೂ ಇರಲಿಲ್ಲ. ಮುಳ್ಳಿದ್ದರೆ ಆಕೆ ಜಗಳವಾದರೂ ಮಾಡಬಹುದಿತ್ತು. ಶರಬತ್ತನ್ನು ಮುಟ್ಟದೆ ಎದ್ದು ಬಂದಳು. ಅದೊಂದೇ ಆಕೆಯ ಕೈಲಿ ಆದದ್ದು.

ಐದನೆಯ ಜುಮ್ಮಗಿಯನ್ನು ಬಯಲಿನಲ್ಲಿ ಮಾಡುವುದಿಲ್ಲ ಎಂದ ಜಮಾಲಸಾಬ. ಅಳ್ನಾವರದವರು ಮನೆಯೊಳಗೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಂಡರು. ದಿಲಶಾದಳ ಮಾವ ಹೊರಗೆ ಓಣಿಯಲ್ಲಿ ಕೂತು, “ಆ ಕಡೆ ಅಷ್ಟ ಚಲೋ ಬಂದೋಬಸ್ತ ಇತ್ತಲ್ಲರೀ, ಯಾಕ ಬಿಟ್ರಿ?” ಎಂದು ಎರಡು ಸಲ ಕೇಳಿದರು. ದಿಲಶಾದ ಅಡುಗೆಮನೆಗೆ ಬಂದು, “ಅವ್ವಾ, ಅತ್ತಿಯವರಿಗೆ ಧಗಿ ಆಗೇತಿ, ಗಿಡದ ಬುಡಕ ಕರಕೊಂಡು ಹೋಗ್ಲೇನು?” ಎಂದಳು.

“ಬ್ಯಾಡ. ಬೀಸಣಿಗಿ ತೊಗೊ.”

“ಯಾಕ ಬ್ಯಾಡ?”

“ಬ್ಯಾಡ ಅಂದ್ನೆಲ್ಲ!” ಎಂದು ಗದರಿದಳು ಅಮೀರುನ್ನಿಸಾ. ಹೊಸ ಮದುಮಗಳ ಕಣ್ಣಲ್ಲಿ ನೀರು ಬಂತು. ಗದರಿದವಳ ಕಣ್ಣಲ್ಲೂ ಬಂತು. ಒಲೆಯ ಹೊಗೆಯ ಮೇಲೆ ಹಾಕಿದರು ಇಬ್ಬರೂ.

ಮರುದಿನ ಮುಂಜಾನೆ ವಜೀರ ಕೆಲಸಕ್ಕೆ ಹೊರಡುವ ಹೊತ್ತಿಗೆ ಹೊರಡದೆ ಕಟ್ಟೆಯ ಮೇಲೆ ಕೂತಿದ್ದ. ಇವತ್ತು ಕೊರೆಯುವ ಯಂತ್ರ ಬರುತ್ತದೆ, ಅದನ್ನು ಎಳೆದು ತರುವ ಲಾರಿಗೆ ಅವನೇ ಮೇಸ್ತ್ರಿ. ಜಾಗ ಮಾಡಲು ಸಾಲಿನ ಮೊದಲ ಮರ, ಅಪ್ಪ ಬಿಲ್ಲು ಕಟ್ಟುವ ಮರ, ತೆಗೆಯಬೇಕು.

“ಅಪ್ಪಾ,” ಎಂದ. ಎಷ್ಟೋ ವಾರಗಳ ಮೇಲೆ ನೇರವಾಗಿ ಆಡಿದ ಮೊದಲ ಮಾತು. “ನಾ ಕೆಲಸ ಬಿಡ್ಲೇನು?”

ಜಮಾಲಸಾಬ ಮಗನ ಮಗ್ಗುಲಲ್ಲಿ ಬಂದು ಕೂತ. “ಬಿಟ್ಟರ ಇನ್ನೊಬ್ಬ ಎಳಕೊಂಡು ಬರ್ತಾನ. ನಿನ್ನ ಕೂಸಿಗೆ ಹಾಲು ಯಾರು ತರ್ತಾರ? ಹೋಗು.”

ವಜೀರ ಹೋದ. ಅಮೀರುನ್ನಿಸಾ ಕಟ್ಟಿದ ಬುತ್ತಿಯನ್ನು ಮರೆತು ಹೋದನೋ, ಬೇಕೆಂದೇ ಬಿಟ್ಟು ಹೋದನೋ, ಅದು ಗೂಟಕ್ಕೆ ತೂಗುತ್ತಿತ್ತು. ಮಧ್ಯಾಹ್ನದ ತನಕ ಗರಗಸದ ಸದ್ದು ಹಿತ್ತಲಿನಿಂದ ಬಂತು. ಮರ ಬಿದ್ದಾಗ ಮನೆಯ ಪಾತ್ರೆಗಳು ಒಮ್ಮೆ ಗದಗದ ಅಂದವು. ಯಾರೂ ಎದ್ದು ಹೋಗಿ ನೋಡಲಿಲ್ಲ.

ಮುಂದಿನ ಸಂತೆಯ ದಿನ ಕಾತರಿನಾ ಎಂದಿನಂತೆ ಸೌದೆ ಹೊರೆ ಹೊತ್ತು ಬಂದವಳು ಬಾಗಿಲ ಮುಂದೆ ನಿಂತಿದ್ದಳು. ಅಮೀರುನ್ನಿಸಾಳಿಗೆ ಹಿತ್ತಲಿನಿಂದ ಕಾಶೀಮನ ದನಿ ಕೇಳಿಸಿತು. “ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ ಕಾತರಿನಾ. ನೀ ನಮ್ಮಾಕಿ, ನನಗ ಗೊತ್ತಿಲ್ಲೇನು? ಮಂದಿನ್ನ ಬಿಡಬ್ಯಾಡ ಅಂದಾರ.”

ಅಮೀರುನ್ನಿಸಾ ಸರಸರ ಹೋದಳು. ಮಹಾದೇವಕ್ಕ ಹಪ್ಪಳದ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತಿದ್ದಳು. ಓಣಿಯ ಇನ್ನೂ ನಾಲ್ಕಾರು ಹೆಂಗಸರಿದ್ದರು. ಅಮೀರುನ್ನಿಸಾಳನ್ನು ಕಂಡದ್ದೇ ಕಾಶೀಮ ಎದ್ದು ಸಲಾಮು ಹೇಳಿ, ಬೀಗ ತೆಗೆದು, ಬಾಗಿಲನ್ನು ಪೂರ್ತಿ ಸರಿಸಿ ನಿಂತ.

“ನೀವು ಬರ್ರಿ ಅಮ್ಮಾ, ನಿಮಗ ತಡಿ ಇಲ್ಲ. ಠೇಕೇದಾರರು ತಾವ ಹೇಳ್ಯಾರ. ಅಮೀರುನ್ನಿಸಾ ಅಮ್ಮ ಬಂದ್ರ ಯಾವಾಗ ಬೇಕಾದ್ರೂ ಬಿಡು, ಈ ಬಾಗಲಾ ಹಚ್ಚಿದ್ದ ಅವರು ಕೇಳಿದ್ದಕ್ಕ ಅಂತ.”

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಮಹಾದೇವಕ್ಕ ಚಾಪೆಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ತೆರೆದ ಬಾಗಿಲಿನಿಂದ ಮೊದಲ ಮರದ ಬುಡ ಕಾಣುತ್ತಿತ್ತು. ಕೊರೆದ ಮೈ ಇನ್ನೂ ಕೆಂಪಗಿತ್ತು. ಅದರಾಚೆ ಉಳಿದ ಮರಗಳ ನೆರಳು ಖಾಲಿ ಬಿದ್ದಿತ್ತು.

“ಮುಚ್ಚು ಕಾಶೀಮ,” ಎಂದಳು ಅಮೀರುನ್ನಿಸಾ.

ಕಾತರಿನಾಳ ಹೊರೆಗೆ ಕೈಕೊಟ್ಟು, “ಬಾ, ನಮ್ಮ ಕಟ್ಟೀ ಮ್ಯಾಲೆ ಇಳಸು, ಕುಂದರು, ನೀರ ಕುಡಿ” ಎಂದು ಮನೆಯ ತನಕ ಕರೆದುಕೊಂಡು ಬಂದಳು. ಕಟ್ಟೆಯ ತುಂಬ ಹರಿದ ಗಾದಿಗಳ ಹತ್ತಿ ರಾಶಿಬಿದ್ದಿತ್ತು. ಕಾಲಿಡಲು ಜಾಗವಿರಲಿಲ್ಲ. ಬಾಗಿಲೊಳಗೆ, ತೊಲೆಗೆ ಬಿಲ್ಲು ಕಟ್ಟಿಕೊಂಡು ಜಮಾಲಸಾಬ ಹಿಂಜುತ್ತಿದ್ದ. ಹೆಂಡತಿಯನ್ನು ಕಂಡು ಕೈ ನಿಲ್ಲಿಸಿದ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಹೊಸ್ತಿಲು ನೋಡಿದ.

“ಹತ್ತಿ ಹಿಂಜ್ರಿ,” ಎಂದಳು ಆಕೆ.

“ಇರ್ಲಿ ಬಿಡ್ರಿ ಅಮ್ಮಾ,” ಎಂದಳು ಕಾತರಿನಾ, ಹೊರೆ ಇಳಿಸದೆ. “ಮುಂದ ಎಲ್ಲೆರ ಕುಂದರ್ತೇನಿ.” ನೀರು ಮಾತ್ರ ನಿಂತೇ ಕುಡಿದು ಚೆಂಬು ಕೊಟ್ಟು ಬಿಸಿಲಲ್ಲಿ ನಡೆದಳು. ಅವಳು ಓಣಿಯ ತಿರುವು ದಾಟುವ ತನಕ ಅಮೀರುನ್ನಿಸಾ ನೋಡುತ್ತ ನಿಂತಳು, ಆಮೇಲೆ ಹೊಸ್ತಿಲು ದಾಟಿ ಒಳಗೆ ಹೋದಳು. ನಸೀರಾ ಕೂಸಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಅಮೀರುನ್ನಿಸಾ ಒಲೆಯ ಮುಂದೆ ಕೂತು, ಹಿಟ್ಟಿನ ಮೇಲೆ ಇಳಿದಿದ್ದ ಎಳೆಗಳನ್ನು ಒಂದೊಂದಾಗಿ ಆರಿಸಿ ತೆಗೆದಳು. ತೆಗೆದಷ್ಟೂ ಮತ್ತೆ ಬೀಳುತ್ತಿದ್ದವು. ಸ್ವಲ್ಪ ಹೊತ್ತಿಗೆ ಆರಿಸುವುದನ್ನು ಬಿಟ್ಟು ಹಾಗೆಯೇ ರೊಟ್ಟಿ ತಟ್ಟಿದಳು.